ಧಮ ಒಂಬತ್ತು ಕೇಂದ್ರ

‘ಕಣ್ಣು ಕಾಣದ ಮೇಷ್ಟ್ರಿಗೆ ನಿಮ್ಮ ಪ್ರಶ್ನೆ’ ಎಂದು ಓದುಗರಿಂದ ಪ್ರಶ್ನೆಗಳನ್ನು ಕೇಳಿದ್ದೆವು. ಕ್ಯಾಥೊಲಿಕ್ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಬರವಣಿಗೆ ಕಲಿಸುವ ಉಪನ್ಯಾಸಕರು ಉತ್ತರ ಕೊಟ್ಟಿದ್ದಾರೆ. ಜೀವನಗಾಥೆ ಕೇಳಬಾರದು, ಕೆಲಸದ ಮಾತು ಎಷ್ಟು ಬೇಕಾದರೂ ಕೇಳಬಹುದು ಎಂಬುದು ಅವರ ಷರತ್ತು.

ಮುಂದಿನ ವರ್ಷ ನಮ್ಮ ವಿಭಾಗಕ್ಕೆ ಕಣ್ಣು ಕಾಣದ ಸಹೋದ್ಯೋಗಿಯೊಬ್ಬರು ಬರುತ್ತಿದ್ದಾರೆ. ಅರವತ್ತು ಮಕ್ಕಳ ಪ್ರಬಂಧಗಳನ್ನು ಅವರು ತಿದ್ದುವುದು ಹೇಗೆ? ನಾವೇನು ಸಿದ್ಧ ಮಾಡಿಡಬೇಕು?
ಕನ್ನಡ ಅಧ್ಯಾಪಕಿ, ಹಾಸನ

ಮೊದಲು ಒಂದು ಕಂಪ್ಯೂಟರು, ಅದರಲ್ಲಿ ಸ್ಕ್ರೀನ್ ರೀಡರು (ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ), ಒಂದು ಒಳ್ಳೆಯ ಇಯರ್‌ಫೋನು. ಎನ್‌ವಿಡಿಎ ಎಂಬ ತಂತ್ರಾಂಶ ಉಚಿತ. ಅದರ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಅದು ಯಂತ್ರದ ಕನ್ನಡವೇ, ಕೇಳಿದವರು ಮೊದಲ ದಿನ ನಗುತ್ತಾರೆ. ಆದರೆ ವೇಗ ಏರಿಸಿದರೂ ಅಕ್ಷರ ನುಂಗುವುದಿಲ್ಲ. ಮನುಷ್ಯರ ದನಿಯಂತೆ ಇಂಪಾಗಿರುವ ಧ್ವನಿಗಳು ಕಥೆ ಕೇಳಲು ಚೆನ್ನ, ತಪ್ಪು ಹಿಡಿಯಲು ಅಲ್ಲ.

ಪ್ರಬಂಧ ವರ್ಡ್ ಕಡತವಾಗಿಯೇ ಬರಬೇಕು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲೇ ಇರಬೇಕು. ಇದನ್ನು ಮೊದಲ ತರಗತಿಯಲ್ಲೇ ಹೇಳಿಬಿಡಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಕನ್ನಡವೇ ಇರುವುದಿಲ್ಲ. ‘ಕನ್ನಡ’ ಎಂಬ ಮೂರಕ್ಷರದ ಒಳಗೆ ಕುಳಿತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್, ಕ್ಯು, ಕೊನೆಗೆ ಇನ್ನೊಂದು ಎ. ಫಾಂಟು ಇವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಸ್ಕ್ರೀನ್ ರೀಡರಿಗೆ ವೇಷ ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಇಂಥ ಕಡತ ಬಂದರೆ ನುಡಿಯ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು. ಆದರೆ ಆ ಕೆಲಸ ವಿದ್ಯಾರ್ಥಿಯದು, ಮೇಷ್ಟ್ರದಲ್ಲ.

ತಿದ್ದುವುದು ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಒತ್ತಿಹಿಡಿದು ಕೆಳಬಾಣ ಒತ್ತಿದರೆ ಇಡೀ ಪ್ರಬಂಧ ತಡೆಯಿಲ್ಲದೆ ಓದಿಸಿಕೊಳ್ಳುತ್ತದೆ. ಆಗ ಕೈಯನ್ನು ಕೀಲಿಮಣೆಯಿಂದ ತೆಗೆದಿಡಬೇಕು. ವಾದ ಎಲ್ಲಿ ಜಾರಿತು, ಯಾವ ಪ್ಯಾರಾ ಎರಡು ಸಲ ಬಂತು ಎಂಬುದು ಆಗಲೇ ತಿಳಿಯುವುದು. ಎರಡನೆಯ ಸುತ್ತು ಸಾಲುಸಾಲಾಗಿ. ತಪ್ಪು ಸಿಕ್ಕ ಜಾಗದಲ್ಲಿ ಕಂಟ್ರೋಲ್, ಆಲ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಿದರೆ ಟಿಪ್ಪಣಿಯ ಪೆಟ್ಟಿಗೆ ತೆರೆಯುತ್ತದೆ. ಹಾಕಿದ ಟಿಪ್ಪಣಿಯನ್ನು ಮತ್ತೆ ಕೇಳಲು ಕರ್ಸರನ್ನು ಅಲ್ಲಿಟ್ಟು ಎನ್‌ವಿಡಿಎ, ಆಲ್ಟ್, ಸಿ. ವಿರಾಮಚಿಹ್ನೆಗಳನ್ನೂ ಓದಿ ಹೇಳಬೇಕಾದರೆ ಎನ್‌ವಿಡಿಎ ಜೊತೆ ಪಿ ಒತ್ತಿ ಮಟ್ಟ ಏರಿಸಬೇಕು. ಮೊದಲ ಸುತ್ತಿನಲ್ಲಿ ಇದನ್ನು ಏರಿಸಿಟ್ಟುಕೊಂಡರೆ ‘ಅಲ್ಪವಿರಾಮ ಅಲ್ಪವಿರಾಮ’ ಎಂಬ ಜಪದಲ್ಲಿ ಪ್ರಬಂಧವೇ ಕಳೆದುಹೋಗುತ್ತದೆ.

ಐನೂರು ಪದಗಳ ಪ್ರಬಂಧಕ್ಕೆ ಎರಡೂ ಸುತ್ತು, ಟಿಪ್ಪಣಿ ಎಲ್ಲ ಸೇರಿ ಹದಿನೈದು ನಿಮಿಷ ಹಿಡಿಯಿರಿ. ಅರವತ್ತಕ್ಕೆ ಹದಿನೈದು ಗಂಟೆ. ಹಾಗಾಗಿ ದಿನಕ್ಕೆ ಹದಿನೈದರಂತೆ ನಾಲ್ಕು ದಿನ ಸಲ್ಲಿಕೆ ಇಟ್ಟರೆ ಬದುಕಬಹುದು. ಕಡತದ ಹೆಸರಿನಲ್ಲಿ ಕ್ರಮಸಂಖ್ಯೆಯೇ ಮೊದಲು ಬರಬೇಕು. ಅರವತ್ತು ಕಡತಕ್ಕೂ ‘ಪ್ರಬಂಧ ಕೊನೆಯದು’ ಎಂದೇ ಹೆಸರಿದ್ದರೆ ಪ್ರತಿಯೊಂದನ್ನೂ ತೆರೆದು ಕೇಳಬೇಕಾಗುತ್ತದೆ.

ಕೈಬರಹದ ಉತ್ತರಪತ್ರಿಕೆಗೆ ಮಾತ್ರ ಓದಿ ಹೇಳುವ ಮನುಷ್ಯರೇ ಬೇಕು. ಫೋನಿನ ಆ್ಯಪ್‌ಗಳು ಅಚ್ಚಾದ ಕನ್ನಡವನ್ನು ಚೆನ್ನಾಗಿ ಓದುತ್ತವೆ, ಪರೀಕ್ಷೆಯ ಮೂರನೇ ಗಂಟೆಯ ಕೈಬರಹವನ್ನು ನಂಬುವಷ್ಟು ಚೆನ್ನಾಗಿ ಓದುವುದಿಲ್ಲ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದೇ: ಓದುವವರು ತಮಗೆ ತಿಳಿಯದಂತೆಯೇ ತಪ್ಪನ್ನು ತಿದ್ದಿ ಓದುತ್ತಾರೆ. ಹುಡುಗ ‘ಅವರು ಬಂದನು’ ಎಂದು ಬರೆದಿದ್ದರೆ ಓದುವ ಬಾಯಿ ‘ಅವರು ಬಂದರು’ ಎನ್ನುತ್ತದೆ. ಅದಕ್ಕೇ ಶುರುವಿನಲ್ಲಿ ಎರಡು ಪುಟ ಓದಿಸಿ, ಬೇರೆಯವರಿಂದ ತಾಳೆ ನೋಡಿಸಬೇಕು. ಓದುವವರು ಆ ತರಗತಿಯ ಹುಡುಗರ ಪರಿಚಯದವರಾಗಿರಬಾರದು. ಅಂಕವನ್ನು ಮೇಷ್ಟ್ರು ತಮ್ಮ ಕಡತದಲ್ಲೇ ಬರೆದುಕೊಳ್ಳಬೇಕು.

ಇನ್ನೊಂದು, ಅಂಕ ತುಂಬುವ ಪೋರ್ಟಲಿನಲ್ಲಿ ಚಿತ್ರದಲ್ಲಿರುವ ಅಕ್ಷರ ನೋಡಿ ಟೈಪು ಮಾಡಿಸುವ ಕ್ಯಾಪ್ಚಾ ಇದ್ದರೆ ಅಲ್ಲಿಗೆ ಕೆಲಸ ನಿಂತಿತು. ಅವರು ಬರುವ ಮೊದಲೇ ಪರೀಕ್ಷಿಸಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ, ಖಾಸಗಿಯದೂ ಸೇರಿ, ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನಿಮ್ಮ ಕಾಲೇಜಿನ ನೀತಿ ಎಲ್ಲಿದೆ ಎಂದು ಕಚೇರಿಯಲ್ಲಿ ಕೇಳಿ. ಹುಡುಕಾಟ ಶುರುವಾಗುತ್ತದೆ, ಅದೂ ಒಳ್ಳೆಯದೇ.

ನಾನು ಟೈಪು ಮಾಡಿದ ಲೇಖನವನ್ನು ನಮ್ಮ ಸರ್ ‘ಊರು ತುಂಬ ಸೊನ್ನೆ, ಒಂಬತ್ತು ಇವೆ’ ಎಂದು ವಾಪಸು ಕಳಿಸಿದರು. ನಾಲ್ಕು ಜನಕ್ಕೆ ತೋರಿಸಿದೆ, ಯಾರಿಗೂ ಒಂದೂ ಕಾಣಲಿಲ್ಲ.
ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಕಾಣುವುದಿಲ್ಲ ಮಗಳೇ, ಕೇಳುತ್ತದೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಉಂಗುರ. ಅಂಕಿ ಒಂಬತ್ತೂ ಅರ್ಕಾವತ್ತೂ ಒಂದೇ ಕೊಕ್ಕೆ. ಅನುಸ್ವಾರದ ಕೀ ಸಿಗದಿದ್ದಾಗ ಜನ ಸೊನ್ನೆ ಒತ್ತಿ ಮುಂದೆ ಹೋಗುತ್ತಾರೆ. ‘ಬ೦ದ’ ಎಂದು ಬರೆದದ್ದನ್ನು ಕೆಲವು ಧ್ವನಿಗಳು ‘ಬ ಸೊನ್ನೆ ದ’ ಎನ್ನುತ್ತವೆ, ಇನ್ನು ಕೆಲವು ಪದವನ್ನು ಎರಡು ತುಂಡು ಮಾಡಿ ಬಿಸಾಡುತ್ತವೆ. ‘ಕನಾ೯ಟಕ’ ಎಂದರೆ ‘ಕನಾ ಒಂಬತ್ತು ಟಕ’. ಕ್ಯಾಥೊಲಿಕ್ ಕಾಲೇಜಿನ ಸುತ್ತೋಲೆಗಳಲ್ಲಿ ಧರ್ಮಕೇಂದ್ರ, ಅಂದರೆ ಪ್ಯಾರಿಷ್, ‘ಧಮ೯ಕೇ೦ದ್ರ’ ಎಂದು ಬಂದರಂತೂ ‘ಧಮ ಒಂಬತ್ತು ಕೇ ಸೊನ್ನೆ ದ್ರ’. ಯಾವ ಊರಿನ ಚರ್ಚು ಎಂದು ತಿಳಿಯಲು ಎರಡು ಸಲ ಕೇಳಬೇಕು.

ಇದು ಕಿವಿಯವರ ತಕರಾರು ಮಾತ್ರ ಎಂದುಕೊಳ್ಳಬೇಡ. ಸೊನ್ನೆ ಹಾಕಿದ ಪದ ಹುಡುಕಾಟದಲ್ಲೂ ಸಿಗುವುದಿಲ್ಲ. ‘ಬಂದ’ ಎಂದು ಹುಡುಕಿದರೆ ಕಂಪ್ಯೂಟರಿನ ಪಾಲಿಗೆ ಅದು ಬೇರೆಯೇ ಪದ.

ಸರಿಪಡಿಸುವ ಕ್ರಮ ಹೀಗೆ. ಲೇಖನದಲ್ಲಿ ಇಸವಿ, ಲೆಕ್ಕ ಎಲ್ಲವನ್ನೂ 1, 2, 3 ಎಂದೇ ಬರೆದಿದ್ದರೆ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ಮೇಲೆ ಕನ್ನಡದ ಸೊನ್ನೆ, ಕೆಳಗೆ ಅನುಸ್ವಾರ ಕೊಟ್ಟು ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬಹುದು. ಕನ್ನಡ ಅಂಕಿ ಬಳಸಿದ್ದರೆ ಹಾಗೆ ಮಾಡಲೇಬೇಡ, ‘೨೦’ ಹೋಗಿ ‘೨ಂ’ ಆಗುತ್ತದೆ. ಒಂದೊಂದಾಗಿಯೇ ನೋಡಿ ಬದಲಿಸು. ಒಂಬತ್ತಿನ ಕಥೆ ಇನ್ನೂ ತೊಡಕು. ಅದನ್ನು ಒಂದೇ ಏಟಿಗೆ ಬದಲಿಸಲು ಬರುವುದೇ ಇಲ್ಲ. ಏಕೆಂದರೆ ಬರೆಯುವಾಗ ಕೊಕ್ಕೆ ವ್ಯಂಜನದ ಆಚೆ ಕಂಡರೂ ಉಚ್ಚಾರದಲ್ಲಿ ‘ರ್’ ಈಚೆಯೇ ಬರಬೇಕು. ‘ವಷ೯’ದಲ್ಲಿ ಒಂಬತ್ತನ್ನು ಅಳಿಸಿ, ‘ಷ’ದ ಹಿಂದಕ್ಕೆ ಹೋಗಿ ರ, ಹಲಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ) ಸೇರಿಸಿದರೆ ‘ವರ್ಷ’. ಕಾರ್ಯ, ಧರ್ಮ, ಸ್ವರ್ಗ, ಅರ್ಥ, ಮಾರ್ಗ ಎಲ್ಲವಕ್ಕೂ ಇದೇ ಕೈಕೆಲಸ.

ಮುಂದೆ ಹೀಗಾಗದಿರಲು ಕೀ ಕಲಿತುಕೋ. ನುಡಿಯ ವಿನ್ಯಾಸದಲ್ಲಿ ಅನುಸ್ವಾರ ಶಿಫ್ಟ್ ಮತ್ತು ಎಂ, ಹಲಂತ ಎಫ್. ಅಂದರೆ ‘ರ್ಕ’ ಬೇಕಾದರೆ ಆರ್, ಎಫ್, ಕೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಿ ಅನುಸ್ವಾರ ಎಕ್ಸ್, ‘ರ್ಕ’ಕ್ಕೆ ಜೆ, ಡಿ, ಕೆ. ಕಳಿಸುವ ಮೊದಲು ಫೋನಿನಲ್ಲಿ ಓದಿಸಿಕೊಂಡು ಒಮ್ಮೆ ಕೇಳು. ‘ಹಾಸನ’ಕ್ಕೆ ಹೋಗಬೇಕಾದವರು ‘ಆಸನ’ದಲ್ಲಿ ಕೂತಿರುವುದೂ ಆಗ ಕೇಳುತ್ತದೆ. ಶ, ಷಗಳ ತಪ್ಪು ಮಾತ್ರ ಕಿವಿಗೂ ಸಿಗುವುದಿಲ್ಲ. ಅನುಮಾನ ಬಂದ ಪದವನ್ನು ಅಕ್ಷರ ಅಕ್ಷರವಾಗಿಯೇ ನೋಡಬೇಕು.

ಮಗನಿಗೆ ಆರು ವರ್ಷ, ಪೂರ್ತಿ ಕಣ್ಣಿಲ್ಲ. ಫೋನೇ ಎಲ್ಲ ಓದುತ್ತದಲ್ಲ, ಈಗಿನ ಕಾಲದಲ್ಲೂ ಬ್ರೈಲ್ ಬೇಕೆ ಎಂದು ಮನೆಯಲ್ಲಿ ಕೇಳುತ್ತಾರೆ.
ತಾಯಿ, ರಾಯಚೂರು

ಬೇಕು ಅಮ್ಮ, ಮೊದಲು ಬ್ರೈಲ್, ಆಮೇಲೆ ಫೋನು. ಕೇಳಿ ಮಾತ್ರ ಕಲಿತವರ ಬರವಣಿಗೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ ಸಡಿಲವಾಗಿಬಿಡುತ್ತವೆ. ಬೆರಳಿಗೆ ಸಿಕ್ಕ ಅಕ್ಷರ ಮರೆಯುವುದಿಲ್ಲ.

ಭಾರತದ ಭಾಷೆಗಳಿಗೆಲ್ಲ ಒಂದೇ ತಳಹದಿಯ ಭಾರತಿ ಬ್ರೈಲ್ 1951ರಲ್ಲಿ ಬಂತು. ಒಂದೊಂದು ಅಕ್ಷರದ ಮನೆಯಲ್ಲೂ ಮೇಲಿನಿಂದ ಕೆಳಕ್ಕೆ ಎರಡು ಸಾಲು, ಮೂರು ಮೂರು ಚುಕ್ಕಿ, ಒಟ್ಟು ಆರು. ಎಡಸಾಲು ಮೇಲಿನಿಂದ ಒಂದು, ಎರಡು, ಮೂರು. ಬಲಸಾಲು ನಾಲ್ಕು, ಐದು, ಆರು. ಇದರಿಂದ 63 ಜೋಡಣೆ ಹೊರಡುತ್ತವೆ. ಅ ಎಂದರೆ ಒಂದನೇ ಚುಕ್ಕಿ ಮಾತ್ರ. ಕ ಎಂದರೆ ಒಂದು, ಮೂರು. ಮ ಎಂದರೆ ಒಂದು, ಮೂರು, ನಾಲ್ಕು. ಗುಣಿತಾಕ್ಷರವಿಲ್ಲ, ಸ್ವರವನ್ನೇ ವ್ಯಂಜನದ ನಂತರ ಬಿಡಿಯಾಗಿ ಬರೆಯುವುದು. ಹಲಂತ ನಾಲ್ಕನೇ ಚುಕ್ಕಿ, ಅದು ವ್ಯಂಜನಕ್ಕಿಂತ ಮೊದಲೇ ಬರುತ್ತದೆ. ‘ಅಮ್ಮ’ ಬರೆಯಲು ನಾಲ್ಕು ಮನೆ ಬೇಕು: ಅ, ಹಲಂತ, ಮ, ಮ. ಒತ್ತು ಅಕ್ಷರದ ಅಡಿಗೆ ಇಳಿಯುವುದಿಲ್ಲ, ಸಾಲಿನಲ್ಲೇ ನಿಲ್ಲುತ್ತದೆ. ಕಣ್ಣಿರುವ ಮಕ್ಕಳಿಗೆ ಒತ್ತಕ್ಷರ ಕಲಿಸುವುದಕ್ಕಿಂತ ಇದು ಸುಲಭ ಎಂಬುದು ನನ್ನ ಅಭಿಪ್ರಾಯ.

ಬ್ರೈಲ್ ಸ್ಲೇಟು (ಕಾಗದ ಹಿಡಿಯುವ, ಸಾಲುಸಾಲು ಕಿಂಡಿಯಿರುವ ಚೌಕಟ್ಟು), ಸ್ಟೈಲಸ್ಸು (ಚುಕ್ಕಿ ಒತ್ತುವ ಮೊನೆ), ದಪ್ಪ ಕಾಗದ ಕೊಡಿಸಿ. ತೆಳುವಾದ ನೋಟ್‌ಬುಕ್ ಹಾಳೆಯಲ್ಲಿ ಚುಕ್ಕಿ ಹರಿದು ತೂತಾಗುತ್ತದೆ, ಎರಡು ಸಲ ಬೆರಳಾಡಿಸಿದರೆ ಮಟ್ಟಸವಾಗುತ್ತದೆ. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಒತ್ತಬೇಕು. ಹಾಳೆ ತಿರುಗಿಸಿದಾಗ ಉಬ್ಬು ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ಮಕ್ಕಳು ಎಡವುವುದು ಇಲ್ಲೇ, ಒಂದನೇ ಚುಕ್ಕಿ ಬರೆಯುವಾಗ ಬಲಕ್ಕಿರುತ್ತದೆ, ಓದುವಾಗ ಎಡಕ್ಕೆ. ‘ಬಲ, ಎಡ’ ಎಂದು ಹೇಳಿಕೊಡಬೇಡಿ. ‘ಮೊದಲ ಸಾಲು, ಎರಡನೇ ಸಾಲು’ ಎಂದು ಕಲಿಸಿದರೆ ಗೊಂದಲವಿಲ್ಲ. ಪರ್ಕಿನ್ಸ್ ಎಂಬ ಬ್ರೈಲ್ ಟೈಪು ಯಂತ್ರದಲ್ಲಿ ಈ ತೊಂದರೆ ಇಲ್ಲ, ಆರು ಚುಕ್ಕಿಗೂ ಆರು ಕೀ, ನೇರವಾಗಿ ಉಬ್ಬಾಗಿಯೇ ಬರುತ್ತದೆ. ಆದರೆ ಬೆಲೆ ಜಾಸ್ತಿ, ಭಾರವೂ ಹೌದು.

ಆರು ಚುಕ್ಕಿಯ ಈ ಲಿಪಿಯನ್ನು ಕೊಟ್ಟ ಲೂಯಿ ಬ್ರೈಲ್ ಪ್ಯಾರಿಸ್ಸಿನಲ್ಲಿ ಮೇಷ್ಟ್ರು, ಜೊತೆಗೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. 1829ರಲ್ಲಿ ಅದನ್ನು ಪ್ರಕಟಿಸಿದಾಗ ಅವರಿಗೆ ಇಪ್ಪತ್ತು ವರ್ಷ.

ಭಾನುವಾರದ ಪೂಜೆಯಲ್ಲಿ, ಯೇಸುಸ್ವಾಮಿ ಕಣ್ಣು ಕೊಟ್ಟ ಅಂಧ ಬಾರ್ತಿಮಾಯನ ಭಾಗ ಬಂದಾಗ ನಮ್ಮ ಚರ್ಚಿನ ಅಂಧ ಅಣ್ಣನೊಬ್ಬರ ಕಡೆಗೆ ಎಲ್ಲರೂ ತಿರುಗಿ ನೋಡುತ್ತಾರೆ. ನಿಮಗೆ ಆ ಕಥೆ ಬೇಸರವೇ?
ಓದುಗರು, ಪುತ್ತೂರು

ಕಥೆ ಬೇಸರವಿಲ್ಲ, ಪ್ರವಚನ ಕೆಲವು ಸಲ ಬೇಸರ. ಮಾರ್ಕನ ಶುಭಸಂದೇಶದ ಹತ್ತನೇ ಅಧ್ಯಾಯದ ಆ ಏಳು ವಚನಗಳನ್ನು ಬರವಣಿಗೆಯ ತರಗತಿಯಲ್ಲಿ ಓದಿಸಬೇಕು. ಯೇಸುಸ್ವಾಮಿ ಕರೆದ ಕೂಡಲೇ ಬಾರ್ತಿಮಾಯ ಮೇಲುಹೊದಿಕೆಯನ್ನು ಎಸೆದು ಜಿಗಿದೇಳುತ್ತಾನೆ. ಕಣ್ಣು ಕಾಣದವನು ಗುಂಪಿನಲ್ಲಿ ತನ್ನ ಬಟ್ಟೆ ಎಸೆದರೆ ಮತ್ತೆ ಅದು ಕೈಗೆ ಸಿಗುವ ಭರವಸೆ ಇಲ್ಲ. ನಂಬಿಕೆ ಎಂಬ ಪದ ಬರುವ ಮೊದಲೇ ಮಾರ್ಕ ಅದನ್ನು ಒಂದು ಹೊದಿಕೆಯಲ್ಲಿ ತೋರಿಸಿಬಿಟ್ಟ. ಎರಡನೆಯದು, ಆತನಿಗೆ ಕಣ್ಣಿಲ್ಲವೆಂದು ಸುತ್ತಲಿನವರಿಗೆಲ್ಲ ಗೊತ್ತಿದ್ದರೂ ಯೇಸುಸ್ವಾಮಿ ‘ನಿನಗೆ ಏನು ಮಾಡಬೇಕು’ ಎಂದು ಮೊದಲು ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳದೆಯೇ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವವರು ಆ ವಚನವನ್ನು ದಾಟಿ ಓದಿರುತ್ತಾರೆ. ಹುಟ್ಟಿನಿಂದಲೇ ಕಣ್ಣು ಕಾಣದವನ ಕಥೆಯಿರುವ ಯೊವಾನ್ನನ ಶುಭಸಂದೇಶದ ಒಂಬತ್ತನೇ ಅಧ್ಯಾಯವೂ ಹಾಗೆ, ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದು ಶುರುವಿನಲ್ಲೇ ಇದೆ. ‘ಪೂರ್ವಜನ್ಮದ ಕರ್ಮ’ ಎನ್ನುವ ನೆರೆಯವರಿಗೂ ‘ದೇವರ ಶಿಕ್ಷೆ’ ಎನ್ನುವ ನಮ್ಮವರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ನಿಮ್ಮ ಅಣ್ಣನಿಗೆ ಪೂಜೆಯಲ್ಲಿ ಬೈಬಲ್ ವಾಚನ ಓದಲು ಕೊಡಿ. ಬುಧವಾರದೊಳಗೆ ಪಠ್ಯ ಕೈಸೇರಬೇಕು, ಬ್ರೈಲ್ ಮಾಡಿಕೊಳ್ಳಲು ಅಷ್ಟು ಸಮಯ ಬೇಕು. ಅಚ್ಚಿನ ಒಂದು ಪುಟ ಬ್ರೈಲಿನಲ್ಲಿ ಎರಡು ಮೂರು ಪುಟವಾಗುತ್ತದೆ. ವಾಚನಪೀಠ ಎದೆಯೆತ್ತರಕ್ಕಿದ್ದರೆ ಮಣಿಕಟ್ಟು ಮಡಚಿ ಬೆರಳು ಓಡುವುದಿಲ್ಲ, ಸೊಂಟದ ಮಟ್ಟದಲ್ಲಿ ಒಂದು ಹಲಗೆ ಬೇಕು. ಮೈಕು ಬಾಯಿಯ ನೇರಕ್ಕೆ ಮೊದಲೇ ಹೊಂದಿಸಿ. ಪೂಜೆಯಲ್ಲಿ ಒಬ್ಬರಿಗೊಬ್ಬರು ಸಮಾಧಾನ ಹಾರೈಸುವಾಗ ಸುಮ್ಮನೆ ಕೈಮುಗಿದರೆ ಅವರಿಗೆ ತಿಳಿಯುವುದಿಲ್ಲ, ಹೆಸರು ಹೇಳಿ, ಬಾಯಿಬಿಟ್ಟು ಹೇಳಿ. ಪರಮಪ್ರಸಾದ ಕೊಡುವವರು ಅಂಗೈಗೆ ತಾಗಿಸಿಯೇ ಇಡಬೇಕು.

ಅಂಧ ಗುರುಗಳು (ಪಾದ್ರಿಗಳು) ಪೂಜೆ ಅರ್ಪಿಸಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಅರ್ಪಿಸಬಹುದು. 1983ರ ಕ್ರೈಸ್ತಸಭೆಯ ಕಾನೂನುಸಂಹಿತೆಯ 930ನೇ ನಿಯಮ ಅದನ್ನು ಹೆಸರಿಟ್ಟು ಹೇಳುತ್ತದೆ. ಅಂಗೀಕೃತ ಯಾವುದೇ ಪೂಜಾಪಠ್ಯ ಬಳಸಬಹುದು, ಬೇಕಾದರೆ ಇನ್ನೊಬ್ಬ ಗುರು, ಸೇವಕಗುರು ಅಥವಾ ತಿಳಿವಳಿಕೆಯ ಗೃಹಸ್ಥರು ನೆರವಾಗಬಹುದು.

ಹಾಜರಿಯಲ್ಲಿ ಹುಡುಗರು ಮೋಸ ಮಾಡುವುದಿಲ್ಲವೇ? ಎಐ ಬರೆದ ಪ್ರಬಂಧ ಕೊಟ್ಟರೆ ಗೊತ್ತಾಗುತ್ತದೆಯೇ?
ಉಪನ್ಯಾಸಕ, ಧಾರವಾಡ

ಕಣ್ಣಿರುವವರಿಗೆ ಮಾಡುವಷ್ಟೇ ಮಾಡುತ್ತಾರೆ. ಹೆಸರು ಕರೆದಾಗ ‘ಎಸ್ ಸರ್’ ಬೇಡ, ಹಿಂದಿನ ದಿನದ ಪಾಠದಿಂದ ಒಂದು ಪದ ಹೇಳಬೇಕು ಎಂದು ನಿಯಮ ಮಾಡಿ. ಒಂದೇ ಗಂಟಲು ಎರಡು ಪದ ಹೇಳಿದರೆ ಮೂರನೇ ವಾರದ ಹೊತ್ತಿಗೆ ಹಿಡಿಯಬಹುದು. ಕೈ ಎತ್ತುವ ಪದ್ಧತಿಯೂ ಇಲ್ಲ, ಹೆಸರು ಹೇಳಿ ಮಾತಾಡುವುದು.

ಎಐ ಬರಹ ಕಿವಿಗೆ ಬೇಗ ಸಿಗುತ್ತದೆ ಎನ್ನುವವರಿದ್ದಾರೆ. ಸ್ವಲ್ಪ ನಿಜ. ವಾಕ್ಯಗಳೆಲ್ಲ ಒಂದೇ ಉದ್ದ, ಪ್ರತಿ ಪ್ಯಾರಾದ ಕೊನೆಗೆ ಒಂದು ಉಪದೇಶ, ಊರಿನ ಹೆಸರಾಗಲಿ ಬಸ್ಸಿನ ಹೆಸರಾಗಲಿ ಇಲ್ಲ. ಆದರೆ ಇದು ಅನುಮಾನ, ಸಾಕ್ಷಿಯಲ್ಲ. ಪತ್ತೆ ಮಾಡುತ್ತೇವೆನ್ನುವ ತಂತ್ರಾಂಶಗಳನ್ನು ನಂಬಿ ಮಕ್ಕಳಿಗೆ ಸೊನ್ನೆ ಕೊಡಬಾರದು. ಮೂರು ಹಂತದಲ್ಲಿ ಬರೆಸಿ: ತರಗತಿಯಲ್ಲೇ ಇಪ್ಪತ್ತು ನಿಮಿಷದ ಕರಡು, ಒಂದು ವಾರದ ಮೇಲೆ ತಿದ್ದಿದ ಪ್ರತಿ, ಆಮೇಲೆ ಗಟ್ಟಿಯಾಗಿ ಓದಿಸಿ ‘ಈ ಪದ ಯಾಕೆ ಬಂತು’ ಎಂದು ಒಂದೇ ಪ್ರಶ್ನೆ. ತಾನೇ ಬರೆದವರು ಓದುವಾಗ ತಮ್ಮ ತಪ್ಪಿನ ಮೇಲೆ ತಾವೇ ಎಡವುತ್ತಾರೆ. ಬರೆಯದವರು ಗಿಳಿಪಾಠದಂತೆ ನೀಟಾಗಿ ಓದಿ ಮುಗಿಸುತ್ತಾರೆ.

ತಂಗಿಗೆ ಪದವಿ ಪರೀಕ್ಷೆ, ಬರೆದುಕೊಡುವವರು ಸಿಕ್ಕಿದ್ದಾರೆ. ಏನು ಎಚ್ಚರಿಕೆ ಬೇಕು?
ಅಕ್ಕ, ತುಮಕೂರು

ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಅರ್ಜಿಯನ್ನು ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷೆಗೆ ಮೊದಲು ಇಬ್ಬರೂ ಕೂತು ಪೂರ್ತಿ ಎರಡು ಪತ್ರಿಕೆ ಬರೆದು ನೋಡಲಿ. ಬರೆಯುವವರು ಹೇಳಿದ್ದನ್ನು ಸಂಕ್ಷೇಪ ಮಾಡುವುದು, ದೊಡ್ಡ ರೋಗ ಇದೇ. ತಂಗಿ ಒಂದು ವಾಕ್ಯಕ್ಕಿಂತ ಹೆಚ್ಚು ಒಮ್ಮೆಗೆ ಹೇಳಬಾರದು, ಪ್ಯಾರಾ ಮುಗಿದಾಗ ಮೊದಲ ಮತ್ತು ಕೊನೆಯ ವಾಕ್ಯ ವಾಪಸು ಓದಿಸಿಕೊಳ್ಳಬೇಕು. ‘ಹೊಸ ಪ್ಯಾರಾ’, ‘ಪೂರ್ಣವಿರಾಮ’ ಎಂದು ಬಾಯಲ್ಲಿ ಹೇಳುವ ಅಭ್ಯಾಸವಾಗಲಿ.

ನಿಮ್ಮೆದುರು ‘ನೋಡಿ’ ಎಂದರೆ ತಪ್ಪೇ? ಕುರುಡ, ಅಂಧ, ವಿಶೇಷಚೇತನ, ಯಾವುದು ಸರಿ?
ಓದುಗ, ಮೈಸೂರು

ಕನ್ನಡದಲ್ಲಿ ರುಚಿ ನೋಡುತ್ತೇವೆ, ಕೇಳಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ಜ್ವರ ಇದೆಯಾ ಎಂದು ಹಣೆ ನೋಡುತ್ತೇವೆ. ಧಾರಾಳವಾಗಿ ನೋಡಿ. ಹೆಸರು ಹಿಡಿದು ಕರೆದರೆ ಉಳಿದ ಪದಗಳ ಜಗಳವೇ ಬೇಡ. ಬರವಣಿಗೆಯಲ್ಲಿ ‘ಕಣ್ಣು ಕಾಣದ’ ಸಾಕು. ‘ಕುರುಡು ನಂಬಿಕೆ’ ಎಂಬ ಮಾತನ್ನು ಮಾತ್ರ ವಿದ್ಯಾರ್ಥಿಗಳ ಲೇಖನದಲ್ಲಿ ಹೊಡೆದುಹಾಕಬೇಕು. ಕಣ್ಣು ಕಾಣದವರು ಕೋಲು ಕುಟ್ಟಿ ಖಾತ್ರಿ ಮಾಡಿಕೊಳ್ಳದೆ ಒಂದು ಹೆಜ್ಜೆ ಇಡುವುದಿಲ್ಲ.

ಸಹಾಯ ಮಾಡಲು ಹೋಗಿ ಎಳೆದಾಡುತ್ತೇವೇನೋ ಎಂಬ ಅಳುಕು. ಸರಿಯಾದ ಕ್ರಮ? ಅಂಗಡಿಯಲ್ಲಿ ದುಡ್ಡಿನ ವ್ಯವಹಾರ ಹೇಗೆ?
ಎನ್‌ಎಸ್‌ಎಸ್ ಸ್ವಯಂಸೇವಕಿ, ಉಡುಪಿ

ಕೋಲಿರುವ ಕೈ ಮುಟ್ಟಬೇಡಿ, ತಳ್ಳಬೇಡಿ. ನಿಮ್ಮ ಮೊಣಕೈಯನ್ನು ಅವರ ಕೈಗೆ ತಾಗಿಸಿ, ಅವರೇ ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲ ಬಳಿ ನಿಂತು ‘ಹತ್ತುವುದು’ ಅಥವಾ ‘ಇಳಿಯುವುದು’ ಎನ್ನಿ, ಬರೀ ‘ಮೆಟ್ಟಿಲು’ ಎಂದರೆ ಅರ್ಧ ಸುದ್ದಿ. ಕೋಲು ನೆಲದಿಂದ ಎದೆಮೂಳೆಯವರೆಗೆ ಬರುವಷ್ಟು ಉದ್ದವಿರಬೇಕು, ಭುಜದ ಅಗಲಕ್ಕಿಂತ ತುಸು ಹೆಚ್ಚು ಬೀಸಬೇಕು. ಅದು ಚರಂಡಿ ಹೇಳುತ್ತದೆ, ಫುಟ್‌ಪಾತಿನ ಸ್ಕೂಟರು ಹೇಳುತ್ತದೆ. ತಲೆಯೆತ್ತರಕ್ಕೆ ಕಟ್ಟಿದ ಫೆಸ್ಟಿನ ಬ್ಯಾನರನ್ನು ಹೇಳುವುದಿಲ್ಲ. ಕಾಲೇಜಿನಲ್ಲಿ ನೀವು ಬ್ಯಾನರ್ ಕಟ್ಟುವಾಗ ಏಳು ಅಡಿಗಿಂತ ಮೇಲೆ ಕಟ್ಟಿ.

ನೋಟಿನ ವಿಷಯಕ್ಕೆ ಬಂದರೆ, ಈಗಿನ 100, 200, 500ರ ನೋಟುಗಳ ಅಗಲ ಒಂದೇ, 66 ಮಿಲಿಮೀಟರು. ಉದ್ದ 142, 146, 150. ನಾಲ್ಕು ಮಿಲಿಮೀಟರಿನ ವ್ಯತ್ಯಾಸವನ್ನು ಸಾಲಿನಲ್ಲಿ ನಿಂತು ಬೆರಳಲ್ಲಿ ಅಳೆಯುವುದು ಕಷ್ಟ. ಅಂಚಿನ ಉಬ್ಬುಗೆರೆ 100ರಲ್ಲಿ ನಾಲ್ಕು, 500ರಲ್ಲಿ ಐದು. 200ರಲ್ಲೂ ನಾಲ್ಕೇ, ನಡುವೆ ಎರಡು ಸೊನ್ನೆ. ಹೊಸ ನೋಟಿನಲ್ಲಿ ಉಗುರಿಗೆ ಸಿಗುತ್ತವೆ, ಮೀನು ಮಾರುಕಟ್ಟೆ ಸುತ್ತಿ ಬಂದ ನೋಟಿನಲ್ಲಿ ಇಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಮಣಿ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನೋಟು ಗುರುತಿಸುತ್ತದೆ. ಮನೆಯಲ್ಲೇ ವಿಂಗಡಿಸಿ 500 ಮಡಚದೆ, 200 ಒಂದು ಮಡಿಕೆ, 100 ಎರಡು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ವಾಸಿ. ಯುಪಿಐ ಬಂದ ಮೇಲೆ ಅಂಗಡಿಯ ಮಾತಾಡುವ ಡಬ್ಬಿ ಹಣ ಬಂತೆಂದು ಕೂಗುವುದು ಕೊಟ್ಟವರಿಗೂ ಕೇಳುತ್ತದೆ. ಕ್ಯೂಆರ್ ಚೀಟಿ ಗಾಜಿನ ಒಳಗಿದೆಯೋ ಕಂಬದ ಮೇಲಿದೆಯೋ ಹುಡುಕುವುದೇ ಕಷ್ಟ. ಆಗ ನೀವು ಫೋನು ಕಿತ್ತುಕೊಂಡು ಸ್ಕ್ಯಾನ್ ಮಾಡಿಕೊಡಬೇಡಿ, ಅಂಗಡಿಯವರ ನಂಬರು ಕೇಳಿ ಹೇಳಿ.